ಯಾಣದಲ್ಲಿ ಎಷ್ಟು ಅಕ್ಷರ?

ನಮ್ಮ ಕುಮಟಾ ಕಡೆ ಒಂದು ಗಾದೆಯಿದೆ: ಸೊಕ್ಕಿದ್ದವನು ಯಾಣಕ್ಕೆ ಹೋಗುತ್ತಾನೆ, ರೊಕ್ಕಿದ್ದವನು ಗೋಕರ್ಣಕ್ಕೆ ಹೋಗುತ್ತಾನೆ. ಕಾಡಿನ ದಾರಿಯಲ್ಲಿ ನಡೆದೇ ಯಾಣದ ಕಪ್ಪು ಬಂಡೆಗಳನ್ನು ತಲುಪಬೇಕಿದ್ದ ಕಾಲದ ಮಾತು ಅದು. ಈಗ ಹತ್ತಿರದವರೆಗೂ ಗಾಡಿ ಹೋಗುತ್ತದೆ. ನನ್ನ ಅಬ್ಬಾ ಕುಮಟಾ ರೈಲು ನಿಲ್ದಾಣದಿಂದ ಪ್ರವಾಸಿಗರನ್ನು ಅಲ್ಲಿಗೆ ಕರೆದೊಯ್ಯುವ ಟೆಂಪೋ ಓಡಿಸುತ್ತಾರೆ. ಮುಂದಿನ ಗಾಜಿನ ಮೇಲೆ ದೊಡ್ಡದಾಗಿ ‘ಯಾಣ’ ಎಂದು ಬರೆಸಿದ್ದಾರೆ. ಬಿಸಿಎ ಓದುವ ಆಪಾಳ ಪುಸ್ತಕ ಇಟ್ಟುಕೊಂಡು ನಾನು ಸಿ ಭಾಷೆ ಕಲಿಯಲು ಕುಳಿತಾಗ ಕಂಪ್ಯೂಟರಿಗೆ ಕೊಟ್ಟ ಮೊದಲ ಕನ್ನಡ ಪದವೂ ಅದೇ.

ಸಿ ಭಾಷೆಯಲ್ಲಿ ಒಂದು ಪದದ ಉದ್ದ ಹೇಳಲು ‘ಸ್ಟ್ರ್‌ಲೆನ್’ ಎಂಬ ಫಂಕ್ಷನ್ ಇದೆ. ಯಾಣದ ಉದ್ದ ಎಷ್ಟು ಎಂದು ಅದನ್ನು ಕೇಳಿದೆ. ಉತ್ತರ ಬಂತು: 9.

ಒಂದನೇ ತರಗತಿಯ ಮಗುವನ್ನು ಕೇಳಿದರೂ ಎರಡು ಎನ್ನುತ್ತದೆ: ಯಾ, ಣ. ಹಾಗೆಂದು ಕಂಪ್ಯೂಟರ್ ಸುಳ್ಳು ಹೇಳಿಲ್ಲ. ಯುನಿಕೋಡಿನಲ್ಲಿ ‘ಯ’ಗೆ ಒಂದು ಸಂಕೇತ, ‘ಾ’ ಎಂಬ ದೀರ್ಘಕ್ಕೆ ಇನ್ನೊಂದು, ‘ಣ’ಗೆ ಮತ್ತೊಂದು. ಹೀಗೆ ಮೂರು ಸಂಕೇತಗಳು. ಯುಟಿಎಫ್-8 ಎಂಬ ಕ್ರಮದಲ್ಲಿ ಕಡತಕ್ಕೆ ಬರೆದಾಗ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ಜಾಗ ತೆಗೆದುಕೊಳ್ಳುತ್ತದೆ. ‘ಯ’ ಎಂದರೆ ಕಂಪ್ಯೂಟರಿಗೆ 224, 178, 175 ಎಂಬ ಮೂರು ಸಂಖ್ಯೆಗಳ ಸಾಲು. ಮೂರು ಮೂರಲಿ ಒಂಬತ್ತು. ಸ್ಟ್ರ್‌ಲೆನ್ ಎಣಿಸುವುದು ಬೈಟುಗಳನ್ನು, ಅಕ್ಷರಗಳನ್ನಲ್ಲ. ಸಿ ಭಾಷೆಯನ್ನು 1972ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚ್ಚಿ ರೂಪಿಸಿದಾಗ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾಗಿತ್ತು. ಯುನಿಕೋಡ್ ಆಗ ಇನ್ನೂ ಹುಟ್ಟಿರಲಿಲ್ಲ.

ಲೆಕ್ಕ ಎರಡೋ ಒಂಬತ್ತೋ, ಅದರಿಂದ ಯಾರಿಗೆ ಏನಾಗಬೇಕು ಎಂದು ನೀವು ಕೇಳಬಹುದು. ನನ್ನ ಗೆಳೆಯನಿಗೆ ಆಗಿತ್ತು. ಹೊರಗಿನ ಒಂದು ಸ್ಪರ್ಧೆಯಲ್ಲಿ ಅವನಿಗೆ ಬಹುಮಾನ ಬಂತು. ಪ್ರಮಾಣಪತ್ರದಲ್ಲಿ ಅವನ ಹೆಸರು ‘ಮೊಹಮ್ಮ’ ಎಂದು ನಿಂತು, ಮುಂದೆ ಒಂದು ಕಪ್ಪು ಚೌಕದೊಳಗೆ ಪ್ರಶ್ನಾರ್ಥಕ ಚಿಹ್ನೆ ಇತ್ತು. ಕಾರಣವನ್ನು ಬೆರಳಲ್ಲೇ ಎಣಿಸಬಹುದು. ‘ಮೊಹಮ್ಮದ್’ ಎಂಬುದರಲ್ಲಿ ಎಂಟು ಸಂಕೇತಗಳಿವೆ, ಅಂದರೆ 24 ಬೈಟ್. ಹೆಸರಿಗೆ 20 ಬೈಟ್ ಇಟ್ಟ ಪ್ರೋಗ್ರಾಂನಲ್ಲಿ ಕೊನೆಯ ಒಂದು ಬೈಟ್ ಪದ ಮುಗಿಯಿತು ಎಂಬ ಗುರುತಿಗೆ ಹೋಗುತ್ತದೆ. ಉಳಿಯುವುದು 19. ಅದರಲ್ಲಿ ಆರು ಸಂಕೇತಗಳು ಪೂರ್ತಿ ಹಿಡಿದು, ‘ದ’ದ ಮೂರನೇ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ಅರ್ಧಂಬರ್ಧ ಅಕ್ಷರವನ್ನು ಪ್ರಿಂಟರ್ ಏನೆಂದು ಬರೆದೀತು? ಇದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಎಂಟೇ ಬೈಟ್, ಆರಾಮಾಗಿ ಕೂರುತ್ತದೆ. ಗೆಳೆಯ ಆ ಪತ್ರವನ್ನು ಮನೆಯ ಗೋಡೆಗೆ ಹಾಕಲಿಲ್ಲ. “ಬಿಡೋ, ಕನ್ನಡದಲ್ಲಿ ಕೊಟ್ಟಿದ್ದೇ ತಪ್ಪಾಯ್ತು, ಇಂಗ್ಲಿಷ್‌ನಲ್ಲಿ ಬರ್ಕೊಡ್ಬೇಕಿತ್ತು” ಎಂದ. ಆ ಮಾತು ನನಗೆ ಆ ಚೌಕಕ್ಕಿಂತ ಹೆಚ್ಚು ಚುಚ್ಚಿತು.

ಹೀಗೆ ಶುರುವಾಯಿತು ನಮ್ಮ ಪುಟ್ಟ ಲೈಬ್ರರಿ. ಇಲ್ಲಿ ಲೈಬ್ರರಿ ಎಂದರೆ ಪುಸ್ತಕದ ಕಪಾಟಲ್ಲ. ಬೇರೆ ಬೇರೆ ಪ್ರೋಗ್ರಾಂಗಳಲ್ಲಿ ಮತ್ತೆ ಮತ್ತೆ ಬೇಕಾಗುವ ಫಂಕ್ಷನ್‌ಗಳನ್ನು ಒಮ್ಮೆ ಬರೆದು ಒಂದು ಕಡತದಲ್ಲಿ ಕಟ್ಟಿಟ್ಟದ್ದು. ಕಳೆದ ವರ್ಷ ಹೊರಬಂದ ಮೊದಲ ಆವೃತ್ತಿಯಲ್ಲಿ ಮೂರೇ ಫಂಕ್ಷನ್‌ಗಳಿದ್ದವು. ಒಂದು, ಕನ್ನಡ ಪದದ ಅಕ್ಷರಗಳನ್ನು ಎಣಿಸುವುದು. ಎರಡು, ಜಾಗ ಸಾಲದಿದ್ದಾಗ ಅಕ್ಷರದ ನಡುವೆ ಕತ್ತರಿ ಹಾಕದೆ ಪೂರ್ತಿ ಅಕ್ಷರದ ಗಡಿಯಲ್ಲೇ ನಿಲ್ಲಿಸುವುದು. ಮೂರು, ಒಂದು ಹೆಸರಿಗೆ ನಿಜಕ್ಕೂ ಎಷ್ಟು ಬೈಟ್ ಬೇಕೆಂದು ಮೊದಲೇ ಹೇಳುವುದು. ಪರೀಕ್ಷೆಗೆ ಇಟ್ಟ ಪದಗಳು ನಮ್ಮೂರಿನವೇ. ಯಾಣ: 9 ಬೈಟ್, 2 ಅಕ್ಷರ. ಕುಮಟಾ: 15 ಬೈಟ್, 3 ಅಕ್ಷರ. ಭಟ್ಕಳ: ಅದೂ 15 ಬೈಟ್, 3 ಅಕ್ಷರ, ಏಕೆಂದರೆ ‘ಟ್ಕ’ ಒಂದೇ ಒತ್ತಕ್ಷರ. ಹೊನ್ನಾವರ: 24 ಬೈಟ್, 4 ಅಕ್ಷರ. ಪೆನ್‌ಡ್ರೈವ್‌ನಲ್ಲಿ ಹಾಕಿ ಲ್ಯಾಬಿನ ಎಲ್ಲರಿಗೂ ಕೊಟ್ಟೆ. ಯಾರು ಬೇಕಾದರೂ ಬಳಸಿ, ಬದಲಿಸಿ, ಮುಂದೆ ಕೊಡಿ ಎಂದು ಮೊದಲ ಸಾಲಿನಲ್ಲೇ ಬರೆದೆ.

ದುಬೈಯಿಂದ ರಜೆಗೆ ಬಂದಿದ್ದ ಮಾಮು ಇದನ್ನು ಕೇಳಿ ನಕ್ಕರು. “ರಾತ್ರಿ ಹನ್ನೆರಡರವರೆಗೆ ಕೂತು ಮಾಡಿದ್ದನ್ನ ಬಿಟ್ಟಿ ಕೊಡ್ತೀಯಾ? ಬಿಟ್ಟಿ ಸಿಕ್ಕಿದ್ದಕ್ಕೆ ಯಾರು ಬೆಲೆ ಕೊಡ್ತಾರೆ?”

“ನಾನೂ ಎಲ್ಲಾ ಬಿಟ್ಟಿ ತಗೊಂಡೇ ಮಾಡಿದ್ದು ಮಾಮು” ಎಂದೆ.

ಮಾತಿನ ಭರದಲ್ಲಿ ಹೇಳಿದ್ದಲ್ಲ, ಲೆಕ್ಕ ಹಾಕಿದರೂ ಅಷ್ಟೇ. ನಾನು ಬಳಸುವ ಜಿಸಿಸಿ ಕಂಪೈಲರ್ ಅನ್ನು ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಮೊದಲು ಹೊರತಂದದ್ದು, ಯಾರೂ ಬಳಸಿ ತಿದ್ದಬಹುದು ಎಂಬ ಷರತ್ತಿನೊಂದಿಗೆ. ಜಿಪ್ ಕಡತ ಬಿಚ್ಚುವಂಥ ಕೆಲಸಕ್ಕೆ ಜಗತ್ತೆಲ್ಲ ಬಳಸುವ ಜೆಡ್‌ಲಿಬ್ ಎಂಬ ಸಿ ಲೈಬ್ರರಿಯನ್ನು 1995ರಲ್ಲಿ ಜಾನ್-ಲೂ ಗೈಲಿ ಮತ್ತು ಮಾರ್ಕ್ ಆಡ್ಲರ್ ಎಂಬ ಇಬ್ಬರು ಉಚಿತವಾಗಿ ಕೊಟ್ಟರು. ನಮ್ಮ ಆಂಡ್ರಾಯ್ಡ್ ಫೋನುಗಳಲ್ಲಿ ಮಾಹಿತಿ ಜೋಡಿಸಿಡುವ ಎಸ್‌ಕ್ಯೂಲೈಟ್ ಕೂಡ ಸಿ ಭಾಷೆಯದೇ. 2000ದಲ್ಲಿ ಅದನ್ನು ಬರೆದ ರಿಚರ್ಡ್ ಹಿಪ್ ಹಕ್ಕನ್ನೇ ಬಿಟ್ಟುಕೊಟ್ಟರು; ಪರವಾನಗಿಯ ಪಠ್ಯ ಇರಬೇಕಾದ ಜಾಗದಲ್ಲಿ ಬಳಸುವವರಿಗೆ ಒಂದು ಹಾರೈಕೆ ಬರೆದಿಟ್ಟಿದ್ದಾರೆ. ಇನ್ನೂ ಹಿಂದೆ ಹೋದರೆ, ‘ಅಲ್ಗಾರಿದಮ್’ ಎಂಬ ಪದವೇ ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್-ಖ್ವಾರಿಜ್ಮಿಯವರ ಹೆಸರಿನಿಂದ ಬಂದದ್ದು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮವನ್ನು ಅವರು ಬರೆದಿಟ್ಟರು. ಅದು ಲ್ಯಾಟಿನ್ನಿಗೆ ಹೋಗಿ ಯುರೋಪಿಗೆ ದಾರಿಯಾಯಿತು. ನಮ್ಮ ಅಂಕಿ ಅಲ್ಲಿಗೆ ಹೋಗಿ, ಅವರ ಹೆಸರು ನಮ್ಮ ಪಠ್ಯಕ್ಕೆ ಬಂದಿದೆ.

ಕನ್ನಡಕ್ಕಾಗಿ ಹೀಗೆ ಕೊಟ್ಟವರು ನಮ್ಮ ಕರಾವಳಿಯಲ್ಲೇ ಇದ್ದಾರೆ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡದ ಉಚ್ಚಾರಕ್ಕೆ ಹೊಂದುವ ಕೀಲಿಮಣೆ ರೂಪಿಸಿದರು. ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದು ಹೆಸರಿಟ್ಟ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಇಂದು ನಾವು ‘ನುಡಿ’ಯಲ್ಲಿ ಬಳಸುವ ಕೀಲಿಮಣೆಗೆ ಅವರ ವಿನ್ಯಾಸವೇ ತಳಹದಿ. ‘ಕೆ’ ಒತ್ತಿ, ‘ಎಫ್’ ಒತ್ತಿ, ಮತ್ತೆ ‘ಕೆ’ ಒತ್ತಿದರೆ ‘ಕ್ಕ’ ಬರುತ್ತದಲ್ಲ, ಆ ಜಾಣತನ ಅಲ್ಲಿಂದ ಬಂದದ್ದು. 2013ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ‘ಗುಬ್ಬಿ’ ಮತ್ತು ‘ನವಿಲು’ ಎಂಬ ಮುಕ್ತ ಅಕ್ಷರಶೈಲಿಗಳನ್ನು ಕೊಟ್ಟ ಅರವಿಂದ ವಿ.ಕೆ. ಅವರು ನುಡಿ, ಬರಹಗಳ ಹಳೆಯ ಕಡತಗಳನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕವನ್ನೂ ಮುಕ್ತವಾಗಿ ಹಂಚಿದ್ದಾರೆ. ಹಳೆಯ ಕನ್ನಡ ಕಡತ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡವರಿಗೆ ಅದರ ಬೆಲೆ ಗೊತ್ತು.

ಮಾಮು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಇನ್ನೊಂದು ಪ್ರಶ್ನೆ ಹಾಕಿದರು: “ಸರಿ, ಕೊಟ್ಟೆ. ನಾಳೆ ಅದು ಯಾರಿಗಾದರೂ ಕೈಕೊಟ್ಟರೆ? ಅಂಗಡೀಲಿ ತಗೊಂಡಿದ್ದಾದರೆ ವಾಪಸ್ ತಗೊಂಡು ಹೋಗಿ ಕೇಳ್ತೀವಿ. ಬಿಟ್ಟಿ ಮಾಲಿಗೆ ಯಾರನ್ನ ಕೇಳೋದು?”

ಮೊದಲ ಪ್ರಶ್ನೆಗೆ ನನ್ನ ಬಳಿ ಉತ್ತರ ಇತ್ತು. ಎರಡನೆಯದಕ್ಕೆ ಉತ್ತರ ಕೊಡಲು ಒಂದು ವರ್ಷ ಹಿಡಿಯಿತು. ಈ ದಸರಾ ರಜೆಯಲ್ಲಿ ಹೊರಬಂದ ಎರಡನೇ ಆವೃತ್ತಿಯೇ ಆ ಉತ್ತರ.

ಆ ಒಂದು ವರ್ಷದಲ್ಲಿ ಬೇಡಿಕೆಗಳು ಒಂದೊಂದಾಗಿ ಬಂದವು. ಮೊದಲು ಬಂದವರು ನಮ್ಮ ಗ್ರಂಥಪಾಲಕರು. ಕನ್ನಡ ಪುಸ್ತಕಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ ಕೊಡಬಹುದೇ ಎಂದು ಕೇಳಿದರು. ಬೈಟುಗಳ ಕ್ರಮದಲ್ಲಿ ಜೋಡಿಸಿದರೆ ‘ಹಳದಿ’ ಮೊದಲು, ‘ಹಸಿರು’ ಆಮೇಲೆ ಬರುತ್ತದೆ. ವರ್ಣಮಾಲೆ ಬಾಯಿಪಾಠ ಇರುವವರು ಒಪ್ಪುವುದಿಲ್ಲ. ಸ, ಹ ಆದ ಮೇಲೆ ಕೊನೆಗೆ ಬರುವುದು ‘ಳ’. ಯುನಿಕೋಡಿನ ಪಟ್ಟಿಯಲ್ಲಿ ಮಾತ್ರ ‘ಳ’ ‘ಲ’ದ ಪಕ್ಕದಲ್ಲೇ, ‘ವ’ಕ್ಕಿಂತ ಮೊದಲು ಕೂತಿದೆ. ಆದ್ದರಿಂದ ವರ್ಣಮಾಲೆಯ ಕ್ರಮದಲ್ಲಿ ಹೋಲಿಸುವ ಹೊಸ ಫಂಕ್ಷನ್ ಸೇರಿತು.

ಎರಡನೆಯದು ಹೊನ್ನಾವರದ ಇನ್ನೊಂದು ಕಾಲೇಜಿನ ಒಬ್ಬ ಹುಡುಗಿಯಿಂದ ಬಂತು. ಅವಳಿಗೆ ನನ್ನ ಕಡತ ಯಾರ ಪೆನ್‌ಡ್ರೈವ್‌ನಿಂದ ಹೋಯಿತೋ. ಅವಳು ಊರುಗಳ ಪಟ್ಟಿಯಲ್ಲಿ ಹೊನ್ನಾವರ ಹುಡುಕಿದರೆ ಅರ್ಧ ಸಿಗುತ್ತಿತ್ತು, ಅರ್ಧ ಸಿಗುತ್ತಿರಲಿಲ್ಲ. ಕಣ್ಣಿಗೆ ಎರಡೂ ಒಂದೇ. ಕಡತದ ಬೈಟುಗಳನ್ನು ಬಿಚ್ಚಿ ನೋಡಿದಾಗ ಗುಟ್ಟು ಸಿಕ್ಕಿತು. ‘ಹೊ’ದ ‘ೊ’ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ‘ೆ’ ಮತ್ತು ‘ೂ’ ಎಂಬ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಯುನಿಕೋಡ್ ಎರಡನ್ನೂ ಸಮಾನ ಎನ್ನುತ್ತದೆ. ಸಿ ಭಾಷೆಯ ಹೋಲಿಕೆಗೆ ಮಾತ್ರ 24 ಬೈಟಿನ ಹೊನ್ನಾವರ ಬೇರೆ, 27 ಬೈಟಿನ ಹೊನ್ನಾವರ ಬೇರೆ. ಈಗ ಎರಡನ್ನೂ ಒಂದೇ ರೂಪಕ್ಕೆ ತರುವ ಫಂಕ್ಷನ್ ಇದೆ.

ಮೂರನೆಯದು ನಮ್ಮ ಮನೆಗಳ ಹೆಸರುಗಳದ್ದು. ‘ಜರೀನಾ’ ಎಂದು ಬರೆಯುವವರಿದ್ದಾರೆ. ಉರ್ದುವಿನ ಉಚ್ಚಾರ ಉಳಿಸಲು ಕೆಳಗೆ ಚುಕ್ಕಿ ಇಟ್ಟು ‘ಜ಼ರೀನಾ’ ಎಂದು ಬರೆಯುವವರೂ ಇದ್ದಾರೆ. ಆ ಚುಕ್ಕಿಗೆ ಯುನಿಕೋಡಿನಲ್ಲಿ ಪ್ರತ್ಯೇಕ ಸಂಕೇತವಿದೆ. ಚುಕ್ಕಿಯಿಲ್ಲದೆ ಹುಡುಕಿದರೆ ಚುಕ್ಕಿಯಿರುವ ಹೆಸರು ಸಿಗುವುದಿಲ್ಲ. ವಿಂಗಡಿಸಿದರೆ ಜಲೀಲ್, ಜಸೀಮ್ ಎಲ್ಲ ದಾಟಿ ಎಲ್ಲೋ ಕೆಳಗೆ ಬೀಳುತ್ತದೆ. ‘ಅಬ್ದುಲ್‌ರಹೀಮ್’ ಎಂಬಲ್ಲಿ ‘ಲ್’ ಮತ್ತು ‘ರ’ ಒತ್ತಾಗದಂತೆ ತಡೆಯುವ ಒಂದು ಅದೃಶ್ಯ ಸಂಕೇತವಿದೆ. ಕಣ್ಣಿಗೆ ಕಾಣದಿದ್ದರೂ ಅದಕ್ಕೂ ಮೂರು ಬೈಟ್ ಬೇಕು. ಅದನ್ನು ಕಿತ್ತರೆ ‘ಅಬ್ದುಲ್ರಹೀಮ್’ ಆಗಿಬಿಡುತ್ತದೆ. ಹೊಸ ಆವೃತ್ತಿ ಹುಡುಕುವಾಗ ಚುಕ್ಕಿಯನ್ನೂ ಅದೃಶ್ಯ ಸಂಕೇತವನ್ನೂ ಬದಿಗಿಡುತ್ತದೆ, ಮುದ್ರಿಸುವಾಗ ಎರಡನ್ನೂ ಹಾಗೆಯೇ ಉಳಿಸುತ್ತದೆ. ಯಾರ ಹೆಸರನ್ನೂ ನಮ್ಮ ಅನುಕೂಲಕ್ಕೆ ತಿದ್ದಬಾರದು ಎಂಬುದನ್ನು ನಾವು ನಿಯಮವಾಗಿ ಬರೆದುಕೊಂಡಿದ್ದೇವೆ.

ಇಷ್ಟು ಸೇರಿಸುವುದು ಸಂತೋಷದ ಕೆಲಸ. ಕಷ್ಟದ್ದು ಬೇರೆ ಇತ್ತು. ಮೊದಲ ಆವೃತ್ತಿಯ ಫಂಕ್ಷನ್‌ಗಳ ಹೆಸರುಗಳು ಉದ್ದ, ಹೊಸ ಹೆಸರುಗಳ ಜೊತೆ ಹೊಂದುತ್ತಿರಲಿಲ್ಲ. ಎಲ್ಲವನ್ನೂ ಒಂದೇ ಶಿಸ್ತಿಗೆ ತರಬೇಕೆಂದು ಆಸೆಯಾಯಿತು. ಲ್ಯಾಬಿನಲ್ಲಿ ಸರ್‌ಗೆ ತೋರಿಸಿದೆ. ಅವರು ಒಂದೇ ಮಾತು ಕೇಳಿದರು: “ಹೊನ್ನಾವರದ ಆ ಹುಡುಗಿಯ ಪ್ರೋಗ್ರಾಂ ಹಳೇ ಹೆಸರನ್ನ ಕರೀತಿದೆಯಲ್ಲಪ್ಪ, ಅದರ ಗತಿ ಏನು?” ಹೆಸರು ಬದಲಿಸಿದರೆ ಅವಳ ಪ್ರೋಗ್ರಾಂ ಕಂಪೈಲ್ ಆಗುವುದೇ ಇಲ್ಲ. ಅವಳು ನನ್ನನ್ನು ನಂಬಿ ಬರೆದಿದ್ದಾಳೆ. ಅಂಥವರು ಇನ್ನೆಷ್ಟು ಜನ ಇರುವರೋ. ಲಿನಕ್ಸ್ ಕರ್ನೆಲ್ ನಡೆಸುವವರಿಗೂ ಇದೇ ಕಟ್ಟಳೆ: ಒಳಗೆ ಏನೇ ಬದಲಾಗಲಿ, ಜನ ಬಳಸುತ್ತಿರುವ ಪ್ರೋಗ್ರಾಂ ಮುರಿಯಬಾರದು. ಮುರಿಯಲೇಬೇಕಾದ ಸಂದರ್ಭಗಳೂ ಉಂಟು. ಕೊಟ್ಟ ಜಾಗದ ಅಳತೆಯನ್ನೇ ನೋಡದೆ ಓದಿಕೊಳ್ಳುವ ‘ಗೆಟ್ಸ್’ ಎಂಬ ಅಪಾಯಕಾರಿ ಫಂಕ್ಷನ್ ಅನ್ನು ಸಿ ಭಾಷೆಯ 2011ರ ಮಾನಕದಿಂದ ತೆಗೆದೇ ಹಾಕಿದರು. ಆದರೆ ನನ್ನದು ಅಪಾಯದ ಪ್ರಶ್ನೆಯಲ್ಲ, ಅಂದದ ಪ್ರಶ್ನೆ. ಹಳೆಯ ಮೂರು ಹೆಸರುಗಳು ಹಾಗೆಯೇ ಉಳಿದವು. ನೋಡಲು ಅಷ್ಟು ಚೆನ್ನಾಗಿಲ್ಲ, ನಿಜ.

ನಾವು ಆರಿಸಿಕೊಂಡದ್ದು ಎಂಐಟಿ ಪರವಾನಗಿ. ಅರ್ಧ ಪುಟವೂ ಇಲ್ಲ. ಬಳಸಿ, ತಿದ್ದಿ, ಬೇಕಿದ್ದರೆ ಮಾರಿ. ಬರೆದವರ ಹೆಸರಿನ ಸಾಲು ಮತ್ತು ಈ ಪರವಾನಗಿ ಜೊತೆಗಿರಲಿ, ಇಷ್ಟೇ. ಕೊನೆಯಲ್ಲಿ ಇನ್ನೊಂದು ಮಾತಿದೆ: ಇದಕ್ಕೆ ಯಾವ ಖಾತರಿಯೂ ಇಲ್ಲ. ಕಾನೂನಿನ ಮಟ್ಟಿಗೆ ಮಾಮುವಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮನಸ್ಸಿನ ಮಟ್ಟಿಗೆ ಮುಗಿಯುವುದಿಲ್ಲ. ಜಗತ್ತಿನ ಅಸಂಖ್ಯ ತಾಣಗಳ ಭದ್ರತೆ ಹೊತ್ತಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ಸಿ ಲೈಬ್ರರಿಯಲ್ಲಿ 2014ರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಬಿರುಕು ಬಯಲಾಯಿತು. ಕಾರಣ, ಒಂದು ಅಳತೆಯನ್ನು ಪರೀಕ್ಷಿಸದೆ ಬಿಟ್ಟದ್ದು. ಅಷ್ಟು ದೊಡ್ಡ ಭಾರವನ್ನು ಬೆರಳೆಣಿಕೆಯ ಜನ ಹೊತ್ತಿದ್ದರೆಂದು ಆಗಲೇ ಎಲ್ಲರಿಗೂ ತಿಳಿದದ್ದು. 2024ರಲ್ಲಿ ಎಕ್ಸ್‌ಜೆಡ್ ಎಂಬ ಇನ್ನೊಂದು ಲೈಬ್ರರಿಯಲ್ಲಿ, ಒಬ್ಬರೇ ದಣಿದು ನಡೆಸುತ್ತಿದ್ದ ಕೆಲಸಕ್ಕೆ ಸಹಾಯಕನಾಗಿ ಬಂದು ನಂಬಿಕೆ ಗಳಿಸಿದವನೇ ಕಳ್ಳಬಾಗಿಲು ಇಟ್ಟ. ಉಚಿತವಾಗಿ ಕೊಟ್ಟದ್ದೂ ತೋಟದ ಹಾಗೆ. ನೆಟ್ಟವನು ಹೋದ ಮೇಲೂ ಯಾರಾದರೂ ನೀರು ಹಾಕಬೇಕು, ಕಳೆ ಕೀಳಬೇಕು.

ಕನ್ನಡದ ವಿಂಗಡಣೆ, ಅಕ್ಷರ ವಿಭಜನೆ ಎಲ್ಲ ಮಾಡಬಲ್ಲ ಐಸಿಯು ಎಂಬ ದೊಡ್ಡ ಮುಕ್ತ ಲೈಬ್ರರಿ ಈಗಾಗಲೇ ಇದೆ. ಹಾಗಿದ್ದರೆ ನಿಮ್ಮದು ಯಾಕೆ ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ದೊಡ್ಡ ಕೆಲಸಕ್ಕೆ ಅದನ್ನೇ ಬಳಸಿ. ನಮ್ಮದು ಎರಡೇ ಕಡತ. ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ಒಂದು ಮಧ್ಯಾಹ್ನದಲ್ಲಿ ಪೂರ್ತಿ ಓದಿ ಮುಗಿಸಬಹುದು. ಓದಿದವರಿಗೆ ತಮ್ಮ ಹೆಸರು ಕಂಪ್ಯೂಟರಿನ ಒಳಗೆ ಹೇಗೆ ಕೂತಿದೆ ಎಂಬುದು ತಿಳಿಯುತ್ತದೆ. ಪ್ರತಿ ಫಂಕ್ಷನ್ ಮೇಲೆ ವಿವರಣೆ ಕನ್ನಡದಲ್ಲೇ ಇದೆ.

ಮಾರ್ಚ್‌ನಲ್ಲಿ ನಮ್ಮ ಪರೀಕ್ಷೆ. ಆಮೇಲೆ ನಾನು ಈ ಲ್ಯಾಬಿನಲ್ಲಿ ಇರುವುದಿಲ್ಲ. ಆದ್ದರಿಂದ ಈ ಲೇಖನ ಓದುತ್ತಿರುವ ಪ್ರಥಮ ಪಿಯುಸಿಯ ತಮ್ಮ ತಂಗಿಯರಿಗೆ ನನ್ನದೊಂದು ಕೋರಿಕೆ. ಇಬ್ಬರು ಮೂವರು ಮುಂದೆ ಬನ್ನಿ. ಎಲ್ಲ ಗೊತ್ತಿರಬೇಕಾಗಿಲ್ಲ, ಸಿ ಭಾಷೆಯ ಪಾಯಿಂಟರ್ ಕಂಡರೆ ಹೆದರುವವರೂ ಬರಬಹುದು, ನಾವು ಕೂತು ತೋರಿಸುತ್ತೇವೆ. ಮಾಡಬೇಕಾದ ಕೆಲಸಗಳ ಪಟ್ಟಿ ಲ್ಯಾಬಿನ ಬೋರ್ಡಿಗೆ ಅಂಟಿಸಿದೆ. ಕನ್ನಡ ಅಂಕಿಗಳನ್ನು ಸಂಖ್ಯೆಯಾಗಿ ಓದುವುದು ಬಾಕಿಯಿದೆ. ಹಳಗನ್ನಡದ ಱ, ೞ ಅಕ್ಷರಗಳಿಗೆ ವಿಂಗಡಣೆಯಲ್ಲಿ ಜಾಗ ಕೊಡಬೇಕು. ಅದಕ್ಕೆ ಕನ್ನಡ ಮೇಡಂ ಸಹಾಯ ಮಾಡುತ್ತೇನೆ ಎಂದಿದ್ದಾರೆ.

ಕೋಡ್ ಬರೆಯಲು ಮನಸ್ಸಿಲ್ಲದವರಿಗೂ ಒಂದು ಕೆಲಸವಿದೆ. ಪರೀಕ್ಷಾ ಕಡತಕ್ಕೆ ಇನ್ನಷ್ಟು ಹೆಸರುಗಳು ಬೇಕು: ಅಜ್ಜಿಯಂದಿರ ಹಳೆಯ ಹೆಸರುಗಳು, ಘಟ್ಟದ ಮೇಲಿನ ಊರುಗಳು, ನದಿಯಾಚೆಯ ಕೇರಿಗಳು, ಉರ್ದು, ಕೊಂಕಣಿ, ನವಾಯತಿ ಉಚ್ಚಾರ ಇರುವ ಯಾವ ಪದವಾದರೂ ಆದೀತು. ಮನೆಯಲ್ಲಿ ಹೇಗೆ ಬರೆಯುತ್ತೀರೋ ಹಾಗೆಯೇ ಒಂದು ಚೀಟಿಯಲ್ಲಿ ಬರೆದು ಲ್ಯಾಬಿನ ಬಾಗಿಲ ಪೆಟ್ಟಿಗೆಯಲ್ಲಿ ಹಾಕಿ. ಯಾವುದಾದರೂ ಹೆಸರು ಅರ್ಧಕ್ಕೆ ನಿಂತರೆ ಅದಕ್ಕೆ ತಕ್ಕಂತೆ ನಾವು ಪ್ರೋಗ್ರಾಂ ತಿದ್ದುತ್ತೇವೆ.